ಮೊದಲನೆಯ ಸೂಲಿನ ಹಾಲಿನಿಂದ ಎರಡನೆಯ ಸೂಲಿನ ಹಾಲನ್ನು ಅಂದಾಜು ಮಾಡುವ ಕ್ರಮ

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲಾ ಹರಿಯುವ ನದಿ ಒಂದೂ ಇಲ್ಲವೆಂಬುದು ಸರ್ವರಿಗೂ ವಿದಿತವಾದ ಸಂಗತಿ. ಇಲ್ಲಿನ ಬೇಸಾಯವು ಮಳೆ, ಕೆರೆ, ಕೊಳವೆಬಾವಿ ಇವುಗಳನ್ನು ನಂಬಿಕೊಂಡಿರುವುದು. ಮಳೆ ತಪ್ಪಿ ರಾಗಿಯ ಬೆಳೆ ಕೆಟ್ಟ ವರ್ಷದಲ್ಲಿಯೂ ಸಂಸಾರದ ಖರ್ಚನ್ನು ತೂಗಿಸಿಕೊಂಡು ಹೋಗುವುದು ಬಹಳ ಮನೆಗಳಲ್ಲಿ ಹಸುವಿನ ಹಾಲೇ ಆಗಿರುತ್ತದೆ. ಕೋಲಾರ ತಾಲ್ಲೂಕಿನ ವೇಮಗಲ್ ಹೋಬಳಿಯ ಗ್ರಾಮಗಳಿಗೂ ಈ ಮಾತು ಸಲ್ಲುವುದು. ಆದುದರಿಂದ ಯಾವ ಹಸುವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬಹುದು ಎಂಬ ವಿಚಾರವು ಹಿಡುವಳಿದಾರರಿಗೆ ಅಲ್ಪವಾದುದಲ್ಲ. ಒಂದು ತಪ್ಪು ತೀರ್ಮಾನದಿಂದ ಎರಡು ವರ್ಷದ ಮೇವೂ ಸಾಲದ ಹಣವೂ ಕೈಬಿಟ್ಟುಹೋಗುವುದುಂಟು.

ಈ ತೀರ್ಮಾನವನ್ನು ಸಾಮಾನ್ಯವಾಗಿ ಮೊದಲನೆಯ ಸೂಲಿನ ಹಾಲನ್ನು ನೋಡಿ ಮಾಡುವುದು ವಾಡಿಕೆ. ಮೊದಲ ಸೂಲಿನಲ್ಲಿ ಹೆಚ್ಚು ಕರೆದ ಹಸುವು ಎರಡನೆಯ ಸೂಲಿನಲ್ಲಿ ಇನ್ನೂ ಹೆಚ್ಚು ಕರೆಯುವುದೆಂದು ಕೆಲವರು ಪೂರ್ತಿಯಾಗಿ ನಂಬುವರು. ಮತ್ತೆ ಕೆಲವರು, ಒಂದು ಸೂಲಿನಿಂದ ಏನೂ ತಿಳಿಯದು, ಎಲ್ಲವೂ ಮೇವು ನೀರಿನ ಮೇಲೆ ಹೋಗುವುದೆಂದು ಹೇಳುವರು. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವುಂಟು. ಎಷ್ಟು ನಂಬಬೇಕು, ಎಷ್ಟು ಬಿಡಬೇಕು ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದಾಗಿದೆ. ಆ ಲೆಕ್ಕಕ್ಕೆ ಸಹಸಂಬಂಧವೆಂದು ಹೆಸರು. ಅದನ್ನು ಸಾಧ್ಯವಾದಮಟ್ಟಿಗೆ ಸುಲಭವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಎಂಟು ಹಸುಗಳ ಉದಾಹರಣೆ

ವೇಮಗಲ್ ಹೋಬಳಿಯ ಒಂದು ಗ್ರಾಮದಲ್ಲಿ ಒಂದೇ ಜಾತಿಯ ಎಂಟು ಸೀಮೆಹಸುಗಳಿವೆಯೆಂದು ಭಾವಿಸೋಣ. ಇವು ತಿಳುವಳಿಕೆಗಾಗಿ ಕಲ್ಪಿಸಿದ ಅಂಕಿಗಳೇ ಹೊರತು ಯಾವ ಮನೆಯಲ್ಲಿಯೂ ಅಳೆದವುಗಳಲ್ಲ. ಒಂದೊಂದು ಸೂಲಿನಲ್ಲಿ ದಿನವಹಿ ಸರಾಸರಿ ಎಷ್ಟು ಲೀಟರು ಹಾಲು ಬಂದಿತೆಂಬುದನ್ನು ಕೆಳಗೆ ಕಾಣಿಸಿದೆ. ಮೊದಲನೆಯ ಅಂಕಿ ಒಂದನೆಯ ಸೂಲಿನದು, ಎರಡನೆಯ ಅಂಕಿ ಎರಡನೆಯ ಸೂಲಿನದು.

೧ನೆಯ ಹಸು: ೧೪, ೧೩
೨ನೆಯ ಹಸು: ೧೨, ೧೪
೩ನೆಯ ಹಸು: ೧೧, ೧೧
೪ನೆಯ ಹಸು: ೧೦, ೧೦
೫ನೆಯ ಹಸು: ೧೦, ೮
೬ನೆಯ ಹಸು: ೯, ೧೦
೭ನೆಯ ಹಸು: ೮, ೧೪
೮ನೆಯ ಹಸು: ೬, ೮

ಮೊದಲ ಸೂಲಿನ ಮೊತ್ತ ೮೦, ಸರಾಸರಿ ೧೦ ಲೀಟರು. ಎರಡನೆಯ ಸೂಲಿನ ಮೊತ್ತ ೮೮, ಸರಾಸರಿ ೧೧ ಲೀಟರು. ಹಸುವು ಪ್ರಾಯಕ್ಕೆ ಬಂದಂತೆಲ್ಲಾ ಮೂರು ನಾಲ್ಕನೆಯ ಸೂಲಿನವರೆಗೆ ಹಾಲು ಹೆಚ್ಚುವುದು ಸ್ವಾಭಾವಿಕವಾದುದರಿಂದ ಸರಾಸರಿಯು ೧ ಲೀಟರಿನಷ್ಟು ಏರಿದೆ.

ಮೂರು ಬಗೆಯ ಅಂದಾಜು

ಈಗ ಎರಡನೆಯ ಸೂಲಿನ ಅಂಕಿಗಳು ನಮ್ಮ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಅವುಗಳನ್ನು ಅಂದಾಜು ಮಾಡಬೇಕಾಗಿದೆಯೆಂದು ತಿಳಿಯಿರಿ.

ಒಂದನೆಯ ಬಗೆಯವನು ಮೊದಲ ಸೂಲನ್ನು ಪೂರ್ತಿಯಾಗಿ ನಂಬುವನು. ಪ್ರತಿಯೊಂದು ಹಸುವಿಗೂ ಪ್ರಾಯದ ೧ ಲೀಟರನ್ನು ಸೇರಿಸಿ, ೧೪ ಕರೆದ ಹಸು ೧೫ ಕರೆಯುವುದೆಂದೂ ೬ ಕರೆದ ಹಸು ೭ ಕರೆಯುವುದೆಂದೂ ಹೇಳುವನು. ಎರಡನೆಯ ಬಗೆಯವನು ಏನನ್ನೂ ನಂಬದೆ, ಎಲ್ಲ ಹಸುಗಳಿಗೂ ಸರಾಸರಿಯಾದ ೧೧ ಲೀಟರನ್ನೇ ಹೇಳುವನು. ಮೂರನೆಯ ಬಗೆಯವನು, ಹಸುವು ಮೊದಲ ಸೂಲಿನಲ್ಲಿ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಮೆ ಕರೆಯಿತೋ ಅದರಲ್ಲಿ ಅರ್ಧವನ್ನು ಮಾತ್ರ ಎರಡನೆಯ ಸೂಲಿನ ಸರಾಸರಿಗೆ ಕೂಡಿಸುವನು ಅಥವಾ ಕಳೆಯುವನು. ೧೪ ಲೀಟರಿನ ಹಸುವು ಸರಾಸರಿಗಿಂತ ೪ ಹೆಚ್ಚು. ಅದರ ಅರ್ಧ ೨. ೧೧ಕ್ಕೆ ೨ ಸೇರಿದರೆ ೧೩. ೬ ಲೀಟರಿನ ಹಸುವು ೪ ಕಡಮೆ. ೧೧ರಲ್ಲಿ ೨ ಕಳೆದರೆ ೯.

ಯಾರ ಅಂದಾಜು ಒಳ್ಳೆಯದೆಂದು ತಿಳಿಯುವುದಕ್ಕೆ, ಒಂದೊಂದು ಹಸುವಿನಲ್ಲಿಯೂ ಅಂದಾಜಿಗೂ ನಿಜವಾಗಿ ಬಂದ ಹಾಲಿಗೂ ಇರುವ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸತಕ್ಕದ್ದು. ಹೀಗೆ ವರ್ಗಮಾಡುವುದರಿಂದ ಹೆಚ್ಚು ಕಡಮೆಗಳು ಒಂದನ್ನೊಂದು ಹೊಡೆದುಹಾಕದೆ ಉಳಿಯುವುವು. ದೊಡ್ಡ ತಪ್ಪಿಗೆ ದೊಡ್ಡ ದಂಡವೂ ಬೀಳುವುದು. ಪೂರ್ತಿ ನಂಬಿದವನ ತಪ್ಪಿನ ಮೊತ್ತ ೪೨. ಏನೂ ನಂಬದವನ ಮೊತ್ತವೂ ೪೨. ಅರ್ಧ ನಂಬಿದವನ ಮೊತ್ತ ೩೧.೫ ಮಾತ್ರ. ವಾಚಕರು ಕಾಗದದ ಮೇಲೆ ಕೂಡಿಸಿ ನೋಡಿಕೊಳ್ಳಬಹುದು. ಅತಿ ನಂಬಿಕೆಯೂ ಪೂರ್ತಿ ಅಪನಂಬಿಕೆಯೂ ಸಮನಾದ ನಷ್ಟವನ್ನು ತಂದವು; ನಡುವಣ ದಾರಿಯೇ ಲಾಭಕರವಾಯಿತು.

ಅರ್ಧವೇ ಏಕೆ?

ಒಂದು ಸೂಲಿನ ಹಾಲು ಎರಡು ಮೂಲಗಳಿಂದ ಬರುವುದು. ಹಸುವಿನ ತಳಿ, ಮೈಕಟ್ಟು, ಕೆಚ್ಚಲಿನ ಶಕ್ತಿ ಮುಂತಾದವು ಅದರೊಡನೆ ಸೂಲಿನಿಂದ ಸೂಲಿಗೆ ಹೋಗತಕ್ಕವು. ಆ ವರ್ಷದ ಹಸಿರು ಮೇವು, ಕರು ಹಾಕಿದ ಕಾಲ, ಬೇಸಿಗೆಯ ಬಿಸಿಲು, ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರೆಯುವವರ ಕೈ ಇವೆಲ್ಲಾ ಆ ಸೂಲಿಗೆ ಮಾತ್ರ ಸೇರಿದವು. ಅತಿ ಹೆಚ್ಚು ಕರೆದ ಹಸುವು ಸಾಮಾನ್ಯವಾಗಿ ಒಳ್ಳೆಯ ಹಸುವೂ ಆಗಿರುವುದು, ಆ ವರ್ಷ ಅದಕ್ಕೆ ಒಳ್ಳೆಯ ಕಾಲವೂ ಕೂಡಿಬಂದಿರುವುದು. ಮುಂದಿನ ಸೂಲಿನಲ್ಲಿ ಹಸುವಿನ ಗುಣ ಉಳಿಯುವುದು. ಕಾಲದ ಅನುಕೂಲವು ಮತ್ತೆ ಹಾಗೆಯೇ ಕೂಡಿಬರುವುದೆಂಬ ಭರವಸೆಯಿಲ್ಲ. ಅತಿ ಕಡಮೆ ಕರೆದ ಹಸುವಿಗೂ ಇದೇ ನ್ಯಾಯ. ಆದುದರಿಂದ ಎರಡು ಕೊನೆಗಳಲ್ಲಿದ್ದ ಹಸುಗಳು ಎರಡನೆಯ ಸಲ ಸರಾಸರಿಯ ಕಡೆಗೆ ಸ್ವಲ್ಪ ಸರಿಯುವುವು. ಎಷ್ಟು ಸರಿಯುವುವೆಂಬುದನ್ನು ತಿಳಿಸುವ ಅಂಕವೇ ಸಹಸಂಬಂಧಾಂಕ.

ಸಹಸಂಬಂಧಾಂಕವನ್ನು ತೆಗೆಯುವ ರೀತಿ

ಪ್ರತಿಯೊಂದು ಹಸುವಿಗೂ ಮೊದಲ ಸೂಲಿನಲ್ಲಿ ಸರಾಸರಿಗಿಂತ ಎಷ್ಟು ಹೆಚ್ಚು ಕಡಮೆಯೆಂಬುದನ್ನು ಬರೆಯಿರಿ. ಎರಡನೆಯ ಸೂಲಿನಲ್ಲಿ ಆ ಸೂಲಿನ ಸರಾಸರಿಗಿಂತ ಎಷ್ಟು ಹೆಚ್ಚು ಕಡಮೆಯೆಂಬುದನ್ನೂ ಬರೆಯಿರಿ. ಈ ಎರಡನ್ನೂ ಗುಣಿಸಿ, ಎಂಟು ಹಸುಗಳ ಗುಣಲಬ್ಧಗಳನ್ನು ಕೂಡಿಸಿರಿ. ಎರಡು ಸಲವೂ ಹೆಚ್ಚು, ಅಥವಾ ಎರಡು ಸಲವೂ ಕಡಮೆ ಇದ್ದರೆ ಗುಣಲಬ್ಧವನ್ನು ಕೂಡಬೇಕು. ಒಂದು ಸಲ ಹೆಚ್ಚು, ಒಂದು ಸಲ ಕಡಮೆ ಇದ್ದರೆ ಕಳೆಯಬೇಕು. ನಮ್ಮ ಉದಾಹರಣೆಯಲ್ಲಿ ಈ ಮೊತ್ತ ೨೧. ತರುವಾಯ ಮೊದಲ ಸೂಲಿನ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದರೆ ೪೨, ಎರಡನೆಯದರ ವರ್ಗಗಳನ್ನು ಕೂಡಿಸಿದರೂ ೪೨. ಈ ಎರಡು ಮೊತ್ತಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ೪೨ ಬರುವುದು. ೨೧ನ್ನು ೪೨ರಿಂದ ಭಾಗಿಸಿದರೆ ೦.೫. ಇದೇ ಸಹಸಂಬಂಧಾಂಕ.

ಈ ಅಂಕವು ೧ ಆಗಿದ್ದರೆ ಮೊದಲ ಸೂಲನ್ನು ಪೂರ್ತಿ ನಂಬಬಹುದು. ೦ ಆಗಿದ್ದರೆ ಸ್ವಲ್ಪವೂ ನಂಬಬಾರದು. ಹಸುಗಳ ಹಾಲಿನಲ್ಲಿ ಅದು ಇವೆರಡರ ನಡುವೆ ಇರುತ್ತದೆ. ಅಂದಾಜು ಮಾಡುವಾಗ ಎರಡನೆಯ ಸೂಲಿನ ಸರಾಸರಿಯನ್ನು ತೆಗೆದುಕೊಂಡು, ಮೊದಲ ಸೂಲಿನ ವ್ಯತ್ಯಾಸವನ್ನು ಈ ಅಂಕದಿಂದ ಗುಣಿಸಿ ಸೇರಿಸತಕ್ಕದ್ದು. ನಮ್ಮ ಉದಾಹರಣೆಯಲ್ಲಿ ಎರಡು ಸೂಲುಗಳ ಹರಹೂ ಸಮನಾಗಿರುವುದರಿಂದ ಇಷ್ಟೇ ಸಾಕು. ಎರಡನೆಯ ಸೂಲಿನಲ್ಲಿ ಹಸುಹಸುವಿನ ಅಂತರವು ಹೆಚ್ಚಾಗಿ ಕಂಡುಬಂದರೆ, ಎರಡನೆಯದರ ವರ್ಗಮೊತ್ತವನ್ನು ಮೊದಲನೆಯದರಿಂದ ಭಾಗಿಸಿ, ಬಂದುದರ ವರ್ಗಮೂಲದಿಂದ ಇನ್ನೊಂದು ಸಲ ಗುಣಿಸಬೇಕು.

ಈ ತತ್ತ್ವದ ಚರಿತ್ರೆ

ಈ ಲೆಕ್ಕವು ಹುಟ್ಟಿದುದೂ ಬೆಳೆಯ ಬೀಜದಿಂದಲೇ ಎಂಬುದು ವ್ಯವಸಾಯಗಾರರು ತಿಳಿಯತಕ್ಕ ವಿಷಯ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ೧೮೭೫ರಲ್ಲಿ ಬಟಾಣಿಯ ಜಾತಿಗೆ ಸೇರಿದ ಒಂದು ಹೂಬಳ್ಳಿಯ ಬೀಜಗಳನ್ನು ತೂಕದ ಪ್ರಕಾರ ಬೇರೆಬೇರೆ ಪೊಟ್ಟಣ ಮಾಡಿ, ತನ್ನ ಸ್ನೇಹಿತರಿಗೆ ಹಂಚಿ ಬಿತ್ತಿಸಿದನು. ದಪ್ಪ ಬೀಜದ ಸಂತತಿಯು ಸರಾಸರಿಗಿಂತ ದಪ್ಪವಾಗಿಯೇ ಬಂದಿತು. ಆದರೆ ತಾಯಿಬೀಜದಷ್ಟು ದಪ್ಪವಾಗಿರಲಿಲ್ಲ. ಸಣ್ಣ ಬೀಜದ ಸಂತತಿಯು ಸಣ್ಣದಾಗಿದ್ದರೂ ತಾಯಿಬೀಜದಷ್ಟು ಸಣ್ಣದಾಗಲಿಲ್ಲ. ೧೮೮೬ರಲ್ಲಿ ಅವನು ೨೦೫ ದಂಪತಿಗಳ ಎತ್ತರವನ್ನೂ ಅವರ ೯೨೮ ಮಂದಿ ಬೆಳೆದ ಮಕ್ಕಳ ಎತ್ತರವನ್ನೂ ಹೋಲಿಸಿ, ತಂದೆತಾಯಿಗಳ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲೆರಡು ಪಾಲು ಮಾತ್ರ ಮಕ್ಕಳಲ್ಲಿ ಕಾಣುವುದೆಂದು ತೋರಿಸಿದನು. ೧೮೯೬ರಲ್ಲಿ ಕಾರ್ಲ್ ಪಿಯರ್ಸನ್ ಎಂಬವನು ಮೇಲೆ ಹೇಳಿದ ಗುಣಾಕಾರದ ಸೂತ್ರವನ್ನು ಶಾಸ್ತ್ರೀಯವಾಗಿ ನಿರೂಪಿಸಿದನು. ಶಾಲೆಯ ಮಕ್ಕಳ ಮೊದಲನೆಯ ಪರೀಕ್ಷೆಯ ಅಂಕದಿಂದ ಎರಡನೆಯ ಪರೀಕ್ಷೆಯ ಅಂಕವನ್ನು ಊಹಿಸುವವರೂ ಇದೇ ಸೂತ್ರವನ್ನು ಬಳಸುವರು. ಹೈನುಗಾರಿಕೆಯಲ್ಲಿ ಹಸುಗಳ ಆಯ್ಕೆಗೆ ಇದನ್ನು ಅಳವಡಿಸಿದವರಲ್ಲಿ ಅಮೆರಿಕೆಯ ಅಯೋವಾ ಪ್ರಾಂತದ ಜೆ. ಎಲ್. ಲಷ್ ಎಂಬವರು ಪ್ರಮುಖರು. ೧೯೩೭ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಶಾಸ್ತ್ರಕ್ಕೆ ತಳಹದಿಯಾಯಿತು.

ನಮ್ಮ ನಾಡಿಗೂ ಈ ವಿದ್ಯೆಯು ಹೊರಗಿನದಲ್ಲ. ೧೯೨೩ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಹೈನು ಸಂಸ್ಥೆಯೇ ಮುಂದೆ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. ೧೯೫೫ರಲ್ಲಿ ಅದರ ಮುಖ್ಯಸ್ಥಾನವು ಕರ್ನಾಲಿಗೆ ಹೋದರೂ, ದಕ್ಷಿಣ ಪ್ರಾಂತದ ಕೇಂದ್ರವು ಬೆಂಗಳೂರಿನ ಆಡುಗೋಡಿಯಲ್ಲಿ ಉಳಿದಿದೆ.

ಅಂದಾಜಿನ ಮಿತಿ

ಅಂದಾಜು ಎಂದರೆ ಜ್ಯೋತಿಷ್ಯವಲ್ಲ. ನಮ್ಮ ಉದಾಹರಣೆಯಲ್ಲಿ ೩೧.೫ನ್ನು ೮ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು ೨ ಬರುವುದು. ಅಂದರೆ ೧೩ ಲೀಟರು ಎಂದು ಹೇಳಿದ ಹಸುವು ಮೂರು ಸಲದಲ್ಲಿ ಎರಡು ಸಲ ೧೧ರಿಂದ ೧೫ರ ಒಳಗೆ ಕರೆಯಬಹುದು. ಉಳಿದ ಒಂದು ಸಲ ಅದರ ಹೊರಗೂ ಹೋಗಬಹುದು. ೭ನೆಯ ಹಸುವನ್ನು ನೋಡಿರಿ. ಅದಕ್ಕೆ ನಾವು ಹೇಳಿದುದು ೧೦ ಲೀಟರು, ಬಂದುದು ೧೪ ಲೀಟರು. ಆದುದರಿಂದ ಅಂದಾಜಿನ ಅಂಕಿಯೊಡನೆ ಅದರ ಹೆಚ್ಚು ಕಡಮೆಯನ್ನೂ ಹೇಳುವುದು ಪ್ರಾಮಾಣಿಕತೆ.

ಕೊಳ್ಳುವವರಿಗೂ ಮಾರುವವರಿಗೂ

೧೪ ಲೀಟರಿನ ಹಸುವನ್ನು ಸಾಲ ಮಾಡಿ ಕೊಳ್ಳುವ ರೈತನು, ಮುಂದಿನ ಸೂಲಿನಲ್ಲಿ ೧೫ ಲೀಟರು ಬರುವುದೆಂದು ಕಂತಿನ ಲೆಕ್ಕ ಹಾಕಿದ್ದಾನೆನ್ನಿರಿ. ನಿಜವಾದ ನಿರೀಕ್ಷೆಯು ೧೩. ದಿನಕ್ಕೆ ೨ ಲೀಟರಿನ ಕೊರತೆಯು ೩೦೦ ದಿನಕ್ಕೆ ೬೦೦ ಲೀಟರು. ಹಸುವಿನಲ್ಲಿ ದೋಷವಿಲ್ಲ, ಮಾರಿದವನು ಮೋಸ ಮಾಡಿಲ್ಲ. ಲೆಕ್ಕವೇ ಅವನನ್ನು ಸಾಲಕ್ಕೆ ಸಿಕ್ಕಿಸಿತು. ಸಂತೆಯಲ್ಲಿ ಒಂದೇ ಹೊತ್ತು ಕರೆದು ತೋರಿಸಿದ ಹಾಲನ್ನು ನಂಬುವುದಂತೂ ಇನ್ನೂ ಅಪಾಯಕರ. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ಬಿಗಿಯುವಂತೆ ಬಿಡುವ ಉಪಾಯವು ಎಲ್ಲರಿಗೂ ತಿಳಿದುದೇ. ಆ ಉಪಾಯವಿಲ್ಲದಿದ್ದರೂ ಒಂದು ಹೊತ್ತಿನ ಅಳತೆಯು ಇಡೀ ಸೂಲಿನ ಅಳತೆಗಿಂತ ಬಹು ದುರ್ಬಲವಾದ ಸಾಕ್ಷಿ.

ಮಾರುವವರೂ ಅವಸರಪಡಬಾರದು. ೮ ಲೀಟರು ಕರೆದ ಹಸುವಿನ ನಿರೀಕ್ಷೆಯು ಸರಾಸರಿಗಿಂತ ೧ ಲೀಟರು ಮಾತ್ರ ಕಡಮೆ. ಅಂಥಾ ಹಸುಗಳಲ್ಲಿ ಸುಮಾರು ಮೂರರಲ್ಲೊಂದು ಎರಡನೆಯ ಸೂಲಿನಲ್ಲಿ ಸರಾಸರಿಯನ್ನು ಮೀರಬಹುದು. ೬ ಲೀಟರಿನ ಹಸುಗಳಲ್ಲಾದರೋ ಮೀರುವುದು ಸುಮಾರು ಆರರಲ್ಲೊಂದು ಮಾತ್ರ. ಮೇವು ಸಾಲದೆ ಒಂದನ್ನು ಮಾರಲೇಬೇಕಾದರೆ ೬ ಲೀಟರಿನದನ್ನು ಮಾರಿ, ೮ ಲೀಟರಿನದಕ್ಕೆ ಇನ್ನೊಂದು ಸೂಲಿನ ಅವಕಾಶ ಕೊಡುವುದು ವಿವೇಕ.

ದೃಷ್ಟಿಯೂ ಔಷಧಿಯೂ

೧ನೆಯ ಹಸುವು ೧೪ರಿಂದ ೧೩ಕ್ಕೆ ಇಳಿಯಿತು. ಊರಿನ ಹಾಲೆಲ್ಲಾ ಏರಿದ ವರ್ಷದಲ್ಲಿ ಊರಿಗೇ ಹೆಸರಾದ ಹಸುವಿನ ಹಾಲು ಇಳಿದರೆ ದೃಷ್ಟಿ ತಾಕಿತೆಂದು ಹೇಳುವುದು ವಾಡಿಕೆ. ಮೇಲಿನ ಲೆಕ್ಕದ ಪ್ರಕಾರ ಅದಕ್ಕೆ ನಿರೀಕ್ಷಿಸಬೇಕಾಗಿದ್ದುದೇ ೧೩. ಯಾರ ಕಣ್ಣೂ ಅದಕ್ಕೆ ಕಾರಣವಲ್ಲ. ನೆರೆಹೊರೆಯವರ ಮೇಲೆ ವೃಥಾ ಸಂಶಯಪಡುವುದು ಗ್ರಾಮದ ಐಕಮತ್ಯಕ್ಕೆ ಹಾನಿಕರ.

ಇದಕ್ಕಿಂತಲೂ ದುಬಾರಿಯಾದ ಭ್ರಾಂತಿಯೊಂದುಂಟು. ಅತಿ ಕಡಮೆ ಕರೆದ ಎರಡು ಹಸುಗಳಿಗೆ, ಅಂದರೆ ೮ ಮತ್ತು ೬ ಲೀಟರಿನವುಗಳಿಗೆ, ಯಾವುದೋ ಪುಡಿಯನ್ನು ತಂದು ತಿನ್ನಿಸಿದರೆನ್ನಿರಿ. ಅವುಗಳ ಮೊದಲ ಸರಾಸರಿ ೭. ಯಾವ ಪುಡಿಯನ್ನೂ ತಿನ್ನಿಸದಿದ್ದರೂ ಎರಡನೆಯ ಸೂಲಿನಲ್ಲಿ ಅವುಗಳಿಂದ ನಿರೀಕ್ಷಿಸಬೇಕಾದುದು ಸರಾಸರಿ ೯.೫. ಈ ಎರಡೂವರೆ ಲೀಟರಿನ ಏರಿಕೆಯ ಕೀರ್ತಿಯು ಪುಡಿಗೆ ಸಲ್ಲುವುದು, ಹಣವು ಮಾರಿದವನಿಗೆ ಸಲ್ಲುವುದು. ಹೊಸ ಹಿಂಡಿಯನ್ನಾಗಲಿ ಔಷಧಿಯನ್ನಾಗಲಿ ಪರೀಕ್ಷಿಸಬೇಕಾದರೆ, ಕಡಮೆ ಕರೆಯುವ ಹಸುಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕೊಟ್ಟು, ಎರಡು ಗುಂಪುಗಳನ್ನೂ ಹೋಲಿಸಿ ನೋಡತಕ್ಕದ್ದು. ಗುಂಪಿನಲ್ಲಿ ಹಸುಗಳು ಹೆಚ್ಚಿದ್ದಷ್ಟೂ ಪರೀಕ್ಷೆಯು ಗಟ್ಟಿ. ಹಾಗಲ್ಲದೆ ಮುಂಚೆ ಇಷ್ಟಿತ್ತು, ಈಗ ಇಷ್ಟಾಯಿತು ಎಂಬ ಮಾತು ಸಾಕ್ಷ್ಯವಾಗಲಾರದು.

ಸೂಲುಗಳು ಹೆಚ್ಚಿದಂತೆ ನಂಬಿಕೆಯೂ ಹೆಚ್ಚುವುದು

ಒಂದು ಸೂಲಿನ ಲೆಕ್ಕಕ್ಕೆ ಅರ್ಧ ನಂಬಿಕೆಯಾದರೆ, ಎರಡು ಸೂಲುಗಳ ಸರಾಸರಿಯ ವ್ಯತ್ಯಾಸದಲ್ಲಿ ಮೂರರಲ್ಲೆರಡು ಪಾಲನ್ನೂ, ಮೂರು ಸೂಲುಗಳಾದರೆ ಮುಕ್ಕಾಲು ಪಾಲನ್ನೂ, ನಾಲ್ಕಾದರೆ ಐದರಲ್ಲಿ ನಾಲ್ಕು ಪಾಲನ್ನೂ ನಂಬಬಹುದು. ಕಾಲದ ಏರುಪೇರುಗಳು ಒಂದನ್ನೊಂದು ತಗ್ಗಿಸಿ ಹಸುವಿನ ನಿಜವಾದ ಗುಣವು ಎದ್ದು ಕಾಣುವುದೇ ಇದಕ್ಕೆ ಕಾರಣ. ಮೂರು ಸೂಲುಗಳ ಲೆಕ್ಕ ಬರೆದಿಟ್ಟ ಹಸುವಿಗೆ ಕೊಳ್ಳುವವನು ಹೆಚ್ಚು ಬೆಲೆ ಕೊಡುವುದು ನ್ಯಾಯ. ಏಕೆಂದರೆ ಅವನಿಗೆ ಅಪಾಯವು ಕಡಮೆ.

ತಾಯಿಯ ಹೆಸರನ್ನು ನೋಡಿ ಕಡಸನ್ನು ಕೊಳ್ಳುವವರು ಮಾತ್ರ ಇನ್ನೂ ಎಚ್ಚರವಾಗಿರಬೇಕು. ಹಾಲಿನ ವ್ಯತ್ಯಾಸದಲ್ಲಿ ತಳಿಯ ಮೂಲಕ ಇಳಿದುಬರುವ ಪಾಲು ಸುಮಾರು ಕಾಲು. ಅದರಲ್ಲಿಯೂ ತಾಯಿಯಿಂದ ಬರುವುದು ಅರ್ಧ, ಉಳಿದುದು ಹೋರಿಯಿಂದ. ಆದುದರಿಂದ ತಾಯಿಯು ಒಂದು ಸೂಲಿನಲ್ಲಿ ಸರಾಸರಿಗಿಂತ ೪ ಲೀಟರು ಹೆಚ್ಚು ಕರೆದಿದ್ದರೆ, ಮಗಳಿಂದ ನಿರೀಕ್ಷಿಸಬಹುದಾದ ಹೆಚ್ಚಳವು ಅದರ ಎಂಟನೆಯ ಒಂದು ಪಾಲು, ಎಂದರೆ ಅರ್ಧ ಲೀಟರು. ಕೃತಕ ಗರ್ಭಧಾರಣೆಗೆ ಪರೀಕ್ಷಿತವಾದ ಹೋರಿಯನ್ನು ಆರಿಸುವುದರ ಮಹತ್ವವು ಇದರಿಂದ ವ್ಯಕ್ತವಾಗುವುದು. ಅಂಥಾ ಹೋರಿಗೆ ಅನೇಕ ಹೆಣ್ಣು ಸಂತತಿಗಳ ಹಾಲಿನ ಲೆಕ್ಕವು ಆಧಾರವಾಗಿರುತ್ತದೆ.

ಲೆಕ್ಕವನ್ನು ಇಡುವ ಕ್ರಮ

ಹಾಲು ಉತ್ಪಾದಕರ ಸಹಕಾರ ಸಂಘದ ಪುಸ್ತಕದಲ್ಲಿ ಮನೆಯ ಹಾಲಿನ ಲೆಕ್ಕವಿರುವುದೇ ಹೊರತು ಹಸುವಿನ ಲೆಕ್ಕವಿರುವುದಿಲ್ಲ. ಎರಡು ಹಸುಗಳ ಹಾಲು ಒಂದೇ ಕ್ಯಾನಿನಲ್ಲಿ ಬೆರೆತ ಮೇಲೆ ಯಾವುದು ಸಾಕಿತು, ಯಾವುದು ತಿಂದಿತು ಎಂಬುದು ತಿಳಿಯದು. ಆದುದರಿಂದ ಮನೆಯಲ್ಲಿಯೇ ಒಂದು ಪುಸ್ತಕವನ್ನು ಇಡಬೇಕು. ದಿನವೂ ಅಳೆಯಬೇಕಾಗಿಲ್ಲ. ತಿಂಗಳಿಗೊಂದು ಗೊತ್ತಾದ ದಿನ ಬೆಳಿಗ್ಗೆ, ಸಾಯಂಕಾಲ ಒಂದೊಂದು ಹಸುವಿನ ಹಾಲನ್ನೂ ಬೇರೆಯಾಗಿ ಅಳೆದು, ಕರು ಹಾಕಿದ ದಿನ, ಹಾಲು ಬತ್ತಿದ ದಿನ, ಬಂದ ರೋಗ ಇವುಗಳನ್ನೂ ಬರೆದರೆ ಸಾಕು. ತಿಂಗಳ ಅಳತೆಯನ್ನು ೩೦ರಿಂದ ಗುಣಿಸಿ ಹತ್ತು ತಿಂಗಳದನ್ನು ಕೂಡಿಸಿದರೆ ಸೂಲಿನ ಹಾಲು ಸಮೀಪವಾಗಿ ಸಿಕ್ಕುವುದು. ಶಾಸ್ತ್ರಜ್ಞರು ಹೋಲಿಕೆಗಾಗಿ ೩೦೫ ದಿನಗಳ ಸೂಲನ್ನು ಮಾನವಾಗಿ ಇಟ್ಟುಕೊಂಡಿರುವರು.

ಡೆನ್ಮಾರ್ಕ್ ದೇಶದ ವೇಯೆನ್ ಎಂಬಲ್ಲಿ ೧೮೯೫ರಲ್ಲಿ ರೈತರು ತಾವೇ ಒಟ್ಟುಗೂಡಿ, ಹಸುಹಸುವಿನ ಹಾಲನ್ನು ಅಳೆದು ಬರೆಯುವ ಸಂಘವನ್ನು ಕಟ್ಟಿದರು. ಪ್ರಪಂಚದಲ್ಲಿ ಇಂಥ ಸಂಘಗಳಲ್ಲಿ ಅದೇ ಮೊದಲನೆಯದು. ನಮ್ಮ ಗ್ರಾಮಗಳ ಮುಖಂಡರೂ ಮನಸ್ಸು ಮಾಡಿದರೆ ಹತ್ತಿಪ್ಪತ್ತು ಮನೆಗಳನ್ನು ಸೇರಿಸಿ ಇದನ್ನು ನಡೆಯಿಸಬಹುದು. ಶಾಲೆ ಕಲಿತ ಮಕ್ಕಳು ಪುಸ್ತಕವನ್ನು ಬರೆದಾರು.

ಗಮನದಲ್ಲಿಡಬೇಕಾದ ಸಂಗತಿಗಳು

ಎಂಟು ಹಸುಗಳಿಂದ ತೆಗೆದ ಅಂಕವು ತಿಳುವಳಿಕೆಗೆ ಸಾಕು, ವ್ಯವಹಾರಕ್ಕೆ ಸಾಲದು. ಸ್ವಂತ ಅಂಕವನ್ನು ತೆಗೆಯುವುದಕ್ಕೆ ನೂರಾರು ಹಸುಗಳ ಲೆಕ್ಕ ಬೇಕು. ಅದು ದೊರೆಯುವವರೆಗೆ ಅರ್ಧವೆಂಬ ಅಂಕವನ್ನೇ ಉಪಯೋಗಿಸಬಹುದು. ಅನೇಕ ದೇಶಗಳ ಹಿಂಡುಗಳಲ್ಲಿ ಕಂಡುಬಂದಿರುವುದೂ ಅದರ ಆಸುಪಾಸಿನದೇ. ಮೇವು ನೀರಿನ ಏರುಪೇರು ಹೆಚ್ಚಾಗಿರುವ ಕಡೆ ಇನ್ನೂ ಸ್ವಲ್ಪ ಕಡಮೆ ನಂಬುವುದು ಕ್ಷೇಮ. ಸರಾಸರಿಯನ್ನು ತೆಗೆಯುವಾಗ ಒಂದೇ ಜಾತಿಯ, ಒಂದೇ ಬಗೆಯ ಮೇವಿನ, ಒಂದೇ ಕಾಲದಲ್ಲಿ ಕರು ಹಾಕಿದ ಹಸುಗಳನ್ನು ಮಾತ್ರ ಸೇರಿಸಬೇಕು. ಹಳ್ಳಿಕಾರ್ ಹಸುವನ್ನೂ ಸೀಮೆಹಸುವನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಾರದು. ಮೊದಲ ಸೂಲಿನಲ್ಲಿಯೇ ಕಡಮೆಯ ಹಸುಗಳನ್ನೆಲ್ಲಾ ಮಾರಿಬಿಟ್ಟು ಉಳಿದವುಗಳಿಂದ ಮಾತ್ರ ಅಂಕ ತೆಗೆದರೆ ಅದು ನಿಜಕ್ಕಿಂತ ಕಡಮೆಯಾಗಿ ಬರುವುದು. ರೋಗದಿಂದ ಕೆಚ್ಚಲಿನ ಒಂದು ಮೊಲೆ ಕೆಟ್ಟಿದ್ದರೆ ಈ ಲೆಕ್ಕವು ಅನ್ವಯಿಸದು. ಅಲ್ಲಿ ಪಶುವೈದ್ಯರ ಮಾತೇ ಪ್ರಮಾಣ.

ಒಟ್ಟಿನಲ್ಲಿ ಹೇಳತಕ್ಕದ್ದೇನೆಂದರೆ: ಒಂದು ಸೂಲಿನ ಹಾಲನ್ನು ಕಂಡು ಹಿಗ್ಗಲೂಬೇಡಿ, ಕುಗ್ಗಲೂಬೇಡಿ. ಊರಿನ ಸರಾಸರಿಯನ್ನು ತಿಳಿಯಿರಿ, ಹೆಚ್ಚು ಕಡಮೆಯಲ್ಲಿ ಅರ್ಧವನ್ನು ಎಣಿಕೆಗೆ ತೆಗೆದುಕೊಳ್ಳಿರಿ, ಎರಡು ಲೀಟರಿನ ಹೆಚ್ಚು ಕಡಮೆಗೆ ಸಿದ್ಧರಾಗಿರಿ, ಸಾಲದ ಕಂತನ್ನು ಆ ಕೆಳಗಿನ ಅಂಕಿಗೆ ಸರಿಯಾಗಿ ಗೊತ್ತುಮಾಡಿಕೊಳ್ಳಿರಿ. ಮುಂದಿನ ಸೂಲಿಗೆ ಇನ್ನೂ ಒಳ್ಳೆಯ ಅಂದಾಜು ಬೇಕೆನ್ನುವವರು ಈ ತಿಂಗಳಿನಿಂದಲೇ ಹಸುವಿಗೊಂದು ಪುಟದಂತೆ ಬರೆಯಲು ತೊಡಗುವುದು ಶ್ರೇಯಸ್ಕರ.